ನಾಗರು (ಕಾಮರೂಪಿ ಜನಾಂಗ)

ನಾಗರು ಭಾರತೀಯ ಪುರಾಣಗಳಲ್ಲಿ, ಜೈನ ಮತ್ತು ಬೌದ್ಧ ಸಾಹಿತ್ಯದಲ್ಲಿ ಹಾಗೂ ಜನಪದ ಕಥೆಗಳಲ್ಲಿ ಬರುವ ಒಂದು ಕಲ್ಪಿತ ಜನಾಂಗ. ಹಾವಿನ ರೂಪದಿಂದ ಮನುಷ್ಯರೂಪಕ್ಕೂ ಮನುಷ್ಯರೂಪದಿಂದ ಹಾವಿನ ರೂಪಕ್ಕೂ ಇವರು ಇಚ್ಛೆ ಬಂದಂತೆ ಬದಲಾಗಬಲ್ಲರು. ಹೀಗೆ ಬೇಕಾದ ರೂಪ ತಾಳುವವರನ್ನು ಕಾವ್ಯಗಳು ‘ಕಾಮರೂಪಿ’ಗಳೆಂದು ಕರೆಯುತ್ತವೆ. ಐರೋಪ್ಯ ಕಥೆಗಳ ಎಲ್ಫ್‌ಗಳಂತೆ ನಾಗರಿಗೂ ಮನುಷ್ಯರಿಂದ ಬೇರೆಯಾದ ಲೋಕ, ಅರಸರು, ಐಶ್ವರ್ಯ ಹಾಗೂ ಶಾಪಗಳುಂಟು. ಆದರೆ ಕನ್ನಡ ನಾಡಿನಲ್ಲಿ ಅವರು ಬರಿಯ ಅನ್ಯಲೋಕದವರಾಗಿ ಉಳಿದಿಲ್ಲ, ಬಂಧುಗಳಾಗಿದ್ದಾರೆ. ಒಂದು ಅರಸುಮನೆತನಕ್ಕೆ ನಾಗನು ಮೂಲಪುರುಷ, ಪಂಚಮಿಯ ದಿನ ಮನೆಯ ಹಾಲಿನಲ್ಲಿ ಪಾಲುದಾರ, ಒಂದು ಪ್ರಸಿದ್ಧ ಕಥೆಯಲ್ಲಿ ಗಂಡನೂ ಹೌದು. ನಾಗಾಲ್ಯಾಂಡಿನ ನಾಗಾ ಬುಡಕಟ್ಟುಗಳಿಗೂ ಈ ಜನಾಂಗಕ್ಕೂ ಸಂಬಂಧವಿಲ್ಲ.

ಮೂಲ ಮತ್ತು ಲೋಕ

ಮಹಾಭಾರತದ ಆದಿಪರ್ವದ ಪ್ರಕಾರ ನಾಗರು ಕಶ್ಯಪ ಮತ್ತು ಕದ್ರುವಿನ ಮಕ್ಕಳು. ಗರುಡನು ಕದ್ರುವಿನ ಸವತಿ ವಿನತೆಯ ಮಗ. ಹೀಗಾಗಿ ನಾಗ-ಗರುಡರ ಹಗೆತನ ಮೂಲದಲ್ಲಿ ದಾಯಾದಿ ಕಲಹವೇ ಆಗಿದೆ. ಶೇಷ, ವಾಸುಕಿ, ತಕ್ಷಕ, ಕರ್ಕೋಟಕ ಇವರು ಪ್ರಮುಖ ನಾಗರು. ಪಾತಾಳದಲ್ಲಿರುವ ಭೋಗವತಿ ಇವರ ರಾಜಧಾನಿ.

ಈ ಕುಲದ ದುರಂತವೂ ರೂಪ ಬದಲಿಸುವುದರಿಂದಲೇ ಆರಂಭವಾಗುತ್ತದೆ. ಉಚ್ಚೈಃಶ್ರವಸ್ಸೆಂಬ ಬಿಳಿಯ ಕುದುರೆಯ ಬಾಲದ ಬಣ್ಣದ ಬಗ್ಗೆ ಕದ್ರು ವಿನತೆಯೊಡನೆ ಪಣ ಕಟ್ಟಿದಳು. ಗೆಲ್ಲುವುದಕ್ಕಾಗಿ, ಕರಿಯ ಕೂದಲಾಗಿ ಆ ಬಾಲಕ್ಕೆ ಅಂಟಿಕೊಳ್ಳಿರೆಂದು ಮಕ್ಕಳಿಗೆ ಆಜ್ಞಾಪಿಸಿದಳು. ಒಪ್ಪದವರು ಜನಮೇಜಯನ ಯಾಗದ ಬೆಂಕಿಗೆ ಬೀಳಲೆಂದು ಹೆತ್ತ ತಾಯಿಯೇ ಶಪಿಸಿದಳು. ಮುಂದೆ ನಡೆದ ಸರ್ಪಯಾಗವನ್ನು ನಿಲ್ಲಿಸಿದವನು ಆಸ್ತೀಕ. ಅವನ ತಂದೆ ಮನುಷ್ಯ ಋಷಿ, ತಾಯಿ ವಾಸುಕಿಯ ತಂಗಿ. ಎರಡು ಕುಲಗಳ ರಕ್ತ ಹೊತ್ತವನಿಂದ ಮಾತ್ರ ಆ ಕೆಲಸ ಸಾಧ್ಯವಾಯಿತೆಂಬುದು ಗಮನಿಸತಕ್ಕ ಸಂಗತಿ.

ರೂಪಾಂತರದ ಕಟ್ಟಳೆಗಳು

ನಾಗರ ರೂಪಾಂತರವು ಕೇವಲ ಹಾವು-ಮನುಷ್ಯ ಎಂಬ ಎರಡು ರೂಪಗಳಿಗೆ ಸೀಮಿತವಲ್ಲ. ತಕ್ಷಕನು ಪರೀಕ್ಷಿತನನ್ನು ಕೊಲ್ಲಲು ಹೊರಟಾಗ ದಾರಿಯಲ್ಲಿ ಮುದಿ ಬ್ರಾಹ್ಮಣನಾಗುತ್ತಾನೆ; ಅವನ ಅನುಚರರು ತಪಸ್ವಿಗಳ ವೇಷದಲ್ಲಿ ಹಣ್ಣುಗಳನ್ನು ಅರಮನೆಗೆ ಒಯ್ಯುತ್ತಾರೆ; ಆ ಹಣ್ಣೊಂದರೊಳಗೆ ತಕ್ಷಕನೇ ಸಣ್ಣ ಹುಳುವಾಗಿ ಕುಳಿತಿರುತ್ತಾನೆ. ಉತ್ತಂಕನ ಕಥೆಯಲ್ಲಿ ಇದೇ ತಕ್ಷಕ ಕ್ಷಪಣಕನ ವೇಷದಲ್ಲಿ ಕುಂಡಲಗಳನ್ನು ಕದಿಯುತ್ತಾನೆ. ಆದರೆ ಕೈಗೆ ಸಿಕ್ಕಿಬಿದ್ದ ಕೂಡಲೇ ನಿಜರೂಪ ತಾಳಿ ನೆಲದ ಬಿಲದೊಳಗೆ ನುಸುಳಿ ಪಾರಾಗುತ್ತಾನೆ. ಪರರ ರೂಪವನ್ನು ಬದಲಿಸಿದ ಉದಾಹರಣೆಯೂ ಇದೆ. ಕರ್ಕೋಟಕನು ಕಚ್ಚಿದ್ದರಿಂದ ನಳ ಮಹಾರಾಜ ಕುರೂಪಿಯಾದ ಬಾಹುಕನಾದನು. ಕಚ್ಚಿದ ನಾಗನೇ ನಿಜರೂಪ ಮರಳಿ ಪಡೆಯಲು ವಸ್ತ್ರಗಳನ್ನೂ ಕೊಟ್ಟನು. ಕನ್ನಡಿಗರಿಗೆ ಈ ಪ್ರಸಂಗ ಕನಕದಾಸರ ‘ನಳಚರಿತ್ರೆ’ಯಿಂದ ಪರಿಚಿತ.

ಈ ಶಕ್ತಿಗೆ ಮಿತಿಯೂ ಇದೆ. ಅದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿರುವುದು ಬೌದ್ಧರ ವಿನಯಪಿಟಕದ ಮಹಾವಗ್ಗ. ತನ್ನ ಹುಟ್ಟಿಗೆ ನಾಚಿಕೊಂಡ ಒಬ್ಬ ನಾಗನು ತರುಣನ ರೂಪದಲ್ಲಿ ಬಂದು ಭಿಕ್ಷುವಾಗುತ್ತಾನೆ. ನಿದ್ರೆ ಹತ್ತಿದಾಗ ಅವನ ನಿಜರೂಪ ಹೊರಬಿದ್ದು, ಕುಟಿಯೆಲ್ಲ ಹಾವಿನ ಸುರುಳಿಗಳಿಂದ ತುಂಬಿಕೊಳ್ಳುತ್ತದೆ. ನಿದ್ರಿಸುವಾಗ ಮತ್ತು ಸ್ವಜಾತಿಯೊಡನೆ ಕೂಡುವಾಗ, ಈ ಎರಡು ಸಂದರ್ಭಗಳಲ್ಲಿ ನಾಗನಿಗೆ ತನ್ನ ರೂಪ ಮರೆಮಾಚಲು ಆಗದೆಂದು ಆ ಗ್ರಂಥ ವಿವರಿಸುತ್ತದೆ. ಸಂಘದಲ್ಲಿ ಅವನಿಗೆ ಸ್ಥಳ ದೊರೆಯಲಿಲ್ಲ, ಉಪೋಸಥ ವ್ರತ ಆಚರಿಸುವ ಉಪದೇಶ ಮಾತ್ರ ದೊರೆಯಿತು. ದೀಕ್ಷೆ ಬಯಸಿ ಬಂದವನನ್ನು ‘ನೀನು ಮನುಷ್ಯನೇ?’ ಎಂದು ಕೇಳುವ ಪದ್ಧತಿ ಇಂದಿಗೂ ಉಳಿದಿದೆ. ಥಾಯ್ಲೆಂಡಿನಲ್ಲಿ ದೀಕ್ಷಾರ್ಥಿಯನ್ನು ‘ನಾಗ’ನೆಂದೇ ಕರೆಯುತ್ತಾರೆ. ನಾಗರ ಬಗೆಗಿನ ಕಥೆಗಳಲ್ಲಿ ಇಷ್ಟು ಕರುಣಾಜನಕವಾದದ್ದು ಇನ್ನೊಂದಿಲ್ಲ.

ನಾಗವಂಶದ ಅರಸರು

ಉತ್ತರ ಕರ್ನಾಟಕದಲ್ಲಿ ಆಳಿದ ಸಿಂದರು ತಮ್ಮನ್ನು ನಾಗವಂಶದವರೆಂದು ಹೇಳಿಕೊಂಡರು. ಬಾಗಲಕೋಟೆ ಜಿಲ್ಲೆಯ ಭೈರನಮಟ್ಟಿಯ ಶಾಸನವು, ಮೂಲಪುರುಷನಾದ ಸಿಂದನು ನಾಗರಾಜ ಧರಣೇಂದ್ರನಿಂದ ಅಹಿಚ್ಛತ್ರದಲ್ಲಿ ಹುಟ್ಟಿ, ಹುಲಿಯ ಹಾಲು ಕುಡಿದು ಬೆಳೆದು, ಕದಂಬ ರಾಜಕುಮಾರಿಯನ್ನು ಮದುವೆಯಾದನೆಂದು ವರ್ಣಿಸುತ್ತದೆ. ಧರಣೇಂದ್ರನೆಂಬ ಹೆಸರು ಜೈನ ಪರಂಪರೆಯಲ್ಲಿ ಪ್ರಸಿದ್ಧವಾದುದು. ತಪೋನಿರತ ಪಾರ್ಶ್ವನಾಥನಿಗೆ ಹೆಡೆಯೆತ್ತಿ ನೆರಳಾದ ಯಕ್ಷ ಅವನು. ಭೋಗವತಿಯ ಹೆಸರನ್ನೂ ಸಿಂದರು ಬಿರುದಿನಲ್ಲಿ ಧರಿಸಿದರು. ಒಂದು ಮನೆತನ ತನ್ನ ಗೌರವಕ್ಕಾಗಿ ಹಾವಿನ ಸಂತಾನವೆಂದು ಕಲ್ಲಿನ ಮೇಲೆ ಕೆತ್ತಿಸಿತೆಂದರೆ, ಆ ಕಾಲದ ಜನರಿಗೆ ನಾಗನು ಭಯದ ವಸ್ತುವಷ್ಟೇ ಆಗಿರಲಿಲ್ಲವೆಂಬುದು ಖಚಿತ. ಇದಕ್ಕೂ ಹಿಂದಿನದು ಬನವಾಸಿಯ ಐದು ಹೆಡೆಯ ನಾಗಶಿಲೆ. ಸಾತಕರ್ಣಿ ಅರಸರ ಕಾಲದ ಪ್ರಾಕೃತ ಶಾಸನವನ್ನು ಹೊತ್ತಿರುವ ಅದರಲ್ಲಿ ಶಿಲ್ಪಿ ನಟಕನ ಹೆಸರೂ ಇದೆ.

ಪಂಚಮಿ

ಶ್ರಾವಣ ಶುದ್ಧ ಪಂಚಮಿಯಂದು ನಾಗಪೂಜೆ ನಡೆಯುತ್ತದೆ. ಘಟಪ್ರಭೆಯ ದಂಡೆಯ ಕೊಣ್ಣೂರ ಸೇರಿದಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಇದು ಮುಖ್ಯವಾಗಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಹೆಣ್ಣುಮಗಳು ತವರಿಗೆ ಬರುವುದು, ಮರಕ್ಕೆ ಕಟ್ಟಿದ ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು ಇವು ಹಬ್ಬದ ಗುರುತುಗಳು. ಹುತ್ತಕ್ಕೋ ಕಲ್ಲಿನ ಅಥವಾ ಮಣ್ಣಿನ ನಾಗಪ್ಪನಿಗೋ ಹಾಲೆರೆಯುವಾಗ ‘ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು’ ಎಂದು ಮನೆಯವರನ್ನೆಲ್ಲ ಹೆಸರಿಸುವ ರೂಢಿಯಿದೆ. ಆ ದಿನ ನೆಲ ಅಗೆಯುವುದಿಲ್ಲ, ಗಳೆ ಹೂಡುವುದಿಲ್ಲ. ರೈತನ ನೇಗಿಲಿಗೆ ಸಿಕ್ಕು ಮರಿಗಳು ಸತ್ತುದಕ್ಕಾಗಿ ತಾಯಿಹಾವು ಅವನ ಮನೆಯವರನ್ನೆಲ್ಲ ಕಚ್ಚಿ ಕೊಂದು, ಕೊನೆಗೆ ತನ್ನನ್ನೇ ಪೂಜಿಸುತ್ತಿದ್ದ ಅವನ ಮಗಳನ್ನು ಕಂಡು ಕರಗಿ ಎಲ್ಲರನ್ನೂ ಬದುಕಿಸಿದ ಕಥೆಯನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಕರಾವಳಿಯಲ್ಲಿ ನಾಗಬನ, ಆಶ್ಲೇಷಾಬಲಿ, ನಾಗಮಂಡಲಗಳ ಆರಾಧನೆ ಬೇರೆಯದೇ ವಿಸ್ತಾರವುಳ್ಳದ್ದು. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಗಂಡನ ರೂಪದ ನಾಗ

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದರು. ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕ ಬರೆದರು. ಟಿ. ಎಸ್. ನಾಗಾಭರಣರು 1997ರಲ್ಲಿ ಅದನ್ನು ಉತ್ತರ ಕರ್ನಾಟಕದ ಆಡುಮಾತಿನಲ್ಲೇ ಚಲನಚಿತ್ರವಾಗಿಸಿದರು.

ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಅವನನ್ನು ಒಲಿಸಿಕೊಳ್ಳಲು ಬೇರು ಬೆರೆಸಿದ ಸಾರನ್ನು ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಉಂಡ ನಾಗ ಅವಳಿಗೆ ಒಲಿದು ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಅವಳು ಬಸುರಿಯಾದಾಗ ಪಂಚರ ಮುಂದೆ ವಿಚಾರಣೆ ನಡೆಯುತ್ತದೆ. ಹುತ್ತದಿಂದ ಹಾವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲವೆಂದು ರಾಣಿ ಆಣೆ ಮಾಡುತ್ತಾಳೆ. ಮಾತು ಅಕ್ಷರಶಃ ನಿಜ; ಹಾವು ಕಚ್ಚುವುದಿಲ್ಲ; ಊರು ಅವಳನ್ನು ದೇವತೆಯೆಂದು ಕೈಮುಗಿಯುತ್ತದೆ. ಹೆಂಡತಿಯ ಶೀಲವನ್ನು ಪರೀಕ್ಷಿಸಿದ ಆ ಪಂಚರು, ಸೂಳೆಯ ಮನೆಗೆ ಹೋಗುತ್ತಿದ್ದ ಗಂಡನಿಗೆ ಹಾವು ಹಿಡಿಯೆನ್ನಲಿಲ್ಲ. ನಾಟಕದ ತಿರುಳು ಇರುವುದು ಅಲ್ಲಿ, ನಾಗನ ಮಾಯೆಯಲ್ಲಲ್ಲ. ಇಚ್ಛಾಧಾರಿ ನಾಗಿಣಿಯರ ಸೇಡನ್ನೇ ಬಂಡವಾಳ ಮಾಡಿಕೊಂಡ ಚಲನಚಿತ್ರ ಮತ್ತು ಧಾರಾವಾಹಿಗಳು ಈ ಸೂಕ್ಷ್ಮದ ಹತ್ತಿರವೂ ಸುಳಿಯುವುದಿಲ್ಲ.

ಕಥೆಯ ನಾಗ, ಹೊಲದ ಹಾವು

ಹಾವು ನೂರು ವರ್ಷ ಬದುಕಿದರೆ ಕಾಮರೂಪಿಯಾಗುತ್ತದೆ, ಹೆಡೆಯಲ್ಲಿ ರತ್ನವಿರುತ್ತದೆ, ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂಬ ನಂಬಿಕೆಗಳಿಗೆ ಪ್ರಾಣಿಶಾಸ್ತ್ರದಲ್ಲಿ ಆಧಾರವಿಲ್ಲ. ಹಾಲು ಹಾವಿನ ಆಹಾರವಲ್ಲ. ಹಾವಾಡಿಗರು ಬಾಯಾರಿಸಿ ತಂದ ಹಾವು ನೀರಿನ ಬದಲು ಅದನ್ನು ಕುಡಿದು ಕಾಯಿಲೆ ಬೀಳುತ್ತದೆ. ಕಲ್ಲಿನ ನಾಗನಿಗೆ ಹಾಲೆರೆದು ಜೀವಂತ ನಾಗನನ್ನು ಹೊಡೆಯುವವರ ವಿಪರ್ಯಾಸವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ವಚನದಲ್ಲಿ ಎತ್ತಿ ತೋರಿದ್ದರು. ಇತ್ತೀಚೆಗೆ ಅನೇಕ ಕಡೆ ‘ಬಸವ ಪಂಚಮಿ’ಯೆಂದು ಆಚರಿಸಿ, ಆ ಹಾಲನ್ನು ಶಾಲಾಮಕ್ಕಳಿಗೆ ಕುಡಿಯಲು ಕೊಡುತ್ತಾರೆ.

ಹಾವು ಕಚ್ಚಿದಾಗ ನಾಗದೋಷವೆಂದು ಬಗೆದು ಮಂತ್ರ ಹಾಕಿಸುವುದರಲ್ಲಿ ಹೊತ್ತು ಕಳೆದು ಜೀವ ಹೋಗುವುದುಂಟು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮೊದಲಾದವುಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದೇ ಮದ್ದು.