ಮುಟ್ಟದೆ ನುಡಿಸುವ ವಾದ್ಯ: ಜಯನಗರದ ಮನೆಯೊಂದರಲ್ಲಿ ಕಂಡದ್ದು

ಈಚೆಗೆ ಸಂಘದ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ, ಜಯನಗರದಲ್ಲಿ ಮಗಳ ಮನೆಯಲ್ಲಿರುವ ನಮ್ಮ ಹಿರಿಯ ಸದಸ್ಯೆಯೊಬ್ಬರನ್ನು ಕಂಡು ಬಂದೆವು. ಕೊಪ್ಪದ ಕಡೆಯ ತೋಟವನ್ನು ಮಗನಿಗೆ ಒಪ್ಪಿಸಿ ಅವರು ಅಲ್ಲಿ ನೆಲೆಸಿ ಆರು ವರ್ಷವಾಯಿತು. ಒಂದು ಕಾಲಕ್ಕೆ ಅವರ ವೀಣೆ ಕೇಳದೆ ಆ ಮನೆಯಲ್ಲಿ ನವರಾತ್ರಿ ಮುಗಿಯುತ್ತಿರಲಿಲ್ಲ. ಸಂಧಿವಾತದಿಂದ ಬೆರಳುಗಳು ಬಗ್ಗದಂತಾಗಿ, ಮೆಟ್ಟುಗಳ ಮೇಲೆ ತಂತಿ ಒತ್ತಲಾಗದೆ, ವೀಣೆ ಅಟ್ಟ ಸೇರಿತ್ತು.

ಕಾಫಿ ಧಾರಣೆ, ಮಳೆಯ ಮಾತು ಇರುತ್ತದೆಂದು ಹೋದರೆ ಒಳಗಿನಿಂದ ಪಿಟೀಲೋ ಕಂಠವೋ ತಿಳಿಯದ ಒಂದು ನಾದ. ಅಮ್ಮನವರು ಸಣ್ಣ ಪೆಟ್ಟಿಗೆಯೊಂದರ ಮುಂದೆ ನಿಂತು, ಏನನ್ನೂ ಮುಟ್ಟದೆ, ಗಾಳಿಯಲ್ಲಿ ಕೈ ಆಡಿಸುತ್ತಿದ್ದರು!

ಈ ವಾದ್ಯದ ಹೆಸರು ಥೆರೆಮಿನ್. ರಷ್ಯಾದ ವಿಜ್ಞಾನಿ ಲೆವ್ ಥೆರೆಮಿನ್ 1920ರಲ್ಲಿ ಕಂಡುಹಿಡಿದದ್ದು. ಸಿಂಥಸೈಜರಿಗೆ ಹೆಸರಾದ ರಾಬರ್ಟ್ ಮೂಗ್ ಕೂಡ ಮೊದಲು ಮಾಡಿ ಮಾರಿದ್ದು ಇದನ್ನೇ. ಒಳಗೆ ಕಿವಿಗೆ ಕೇಳಿಸದಷ್ಟು ವೇಗದ ಎರಡು ವಿದ್ಯುತ್ ಕಂಪನಗಳಿರುತ್ತವೆ. ಒಂದು ಸ್ಥಿರ, ಇನ್ನೊಂದು, ನೆಟ್ಟಗಿನ ಸರಳಿನ ಬಳಿ ಕೈ ಬಂದಂತೆ ಬದಲಾಗುತ್ತದೆ. ಎರಡರ ವ್ಯತ್ಯಾಸವೇ ನಮಗೆ ಕೇಳುವ ಸ್ವರ. ಬಲಗೈ ಹತ್ತಿರವಾದರೆ ಸ್ವರ ಏರುತ್ತದೆ. ಎಡಗೈಯನ್ನು ಪಕ್ಕದ ಬಳೆಯಾಕಾರದ ಸರಳಿನತ್ತ ಇಳಿಸಿದರೆ ನಾದ ಅಡಗುತ್ತದೆ.

ಇಂಜಿನಿಯರಿಂಗ್ ಓದುವ ಮೊಮ್ಮಗ ಮೊದಲು ಎಸ್.ಪಿ. ರಸ್ತೆಯಿಂದ ದೂರ ಅಳೆಯುವ ಬಿಡಿಭಾಗ ತಂದು ಬೇರೊಂದು ಯಂತ್ರ ಕಟ್ಟಿದ್ದನಂತೆ. ಅದು ಶಬ್ದದ ಅಲೆ ಕಳಿಸಿ, ಕೈಗೆ ತಾಗಿ ಮರಳುವ ವೇಳೆಯಿಂದ ಸ್ವರ ನಿರ್ಧರಿಸುತ್ತಿತ್ತು. ಅದರಲ್ಲಿ ಸ್ವರ ಮೆಟ್ಟಿಲಿಳಿದಂತೆ ಎಗರುತ್ತಿತ್ತು, ಗಮಕ ಬರಲಿಲ್ಲ. "ಇದು ಹಾರ್ಮೋನಿಯಂಗಿಂತ ಕಡೆ" ಎಂದು ಅಜ್ಜಿ ತಳ್ಳಿಹಾಕಿದರು. ಆಮೇಲೆ ತರಿಸಿ ಬೆಸುಗೆ ಹಾಕಿದ್ದು ಈ ಥೆರೆಮಿನ್ನಿನ ಬಿಡಿಭಾಗಗಳನ್ನು.

ಇದರಲ್ಲಿ ಜಾರು ತಾನಾಗಿ ಬರುತ್ತದೆ. ಕಷ್ಟವೆಲ್ಲ ನಿಲ್ಲುವುದರಲ್ಲಿ. ಮೊದಲ ವಾರ ಅವರಿಗೆ ಸಿಟ್ಟೇ ಬಂದಿತ್ತಂತೆ. "ಮೆಟ್ಟೇ ಇಲ್ಲವಲ್ಲ ಮಗಾ, ಪಂಚಮ ಎಲ್ಲಿದೆ ಅಂತ ಹುಡುಕಲಿ?" ಎಂದಿದ್ದರಂತೆ. ದಾರಿ ತೋರಿಸಿದ್ದು ಮನೆಯಲ್ಲೇ ಇದ್ದ ಹಳೆಯ ಎಲೆಕ್ಟ್ರಾನಿಕ್ ತಂಬೂರಿ. ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ಆ ಪೆಟ್ಟಿಗೆಯ ಸಂತತಿ ಇಂದು ಯಾವ ಸಂಗೀತದ ಮನೆಯಲ್ಲಿ ಇಲ್ಲ? ಶ್ರುತಿ ಹಿಂದೆ ನುಡಿಯುತ್ತಿದ್ದರೆ ಕಿವಿಯೇ ಮೆಟ್ಟು. ಕೈ ತಪ್ಪಿದ್ದು ತಕ್ಷಣ ತಿಳಿಯುತ್ತದೆ, ತಿದ್ದಿಕೊಳ್ಳಬಹುದು. ಐವತ್ತು ವರ್ಷ ವೀಣೆ ನುಡಿಸಿದ ಕಿವಿಗೆ ಸಂಧಿವಾತ ತಾಗಿರಲಿಲ್ಲ.

ಮೋಹನದ ಆರೋಹಣ ಶುದ್ಧವಾಗಿ ಬರಲು ಎರಡು ತಿಂಗಳು ಹಿಡಿಯಿತು. ದುರಿತ ಕಾಲದ ಸ್ವರಗಳು ಈಗಲೂ ಆಗುವುದಿಲ್ಲ, ಒಂದರೊಳಗೊಂದು ಕಲಸಿಹೋಗುತ್ತವೆ. ನಿಧಾನದ ಆಲಾಪನೆ ಮಾತ್ರ, ನಾವು ಕೇಳಿದ ಮಟ್ಟಿಗೆ, ಅವರದೇ. ಹಳೆಯ ನವರಾತ್ರಿಗಳು ನೆನಪಾದವು. ಕಾಫಿ ಆರಿಹೋದದ್ದು ಆಮೇಲೆ ಗೊತ್ತಾಯಿತು.

ಕಟ್ಟಬಯಸುವ ಸದಸ್ಯರ ಮಕ್ಕಳಿಗೆ ಒಂದು ಮಾತು. ನುಡಿಸುವ ಮೊದಲು ಯಂತ್ರವನ್ನು ಕಾಲು ಗಂಟೆ ಚಾಲೂ ಇಡಬೇಕು. ಬಿಸಿಯೇರಿ ನೆಲೆಗೊಳ್ಳುವ ತನಕ ಶ್ರುತಿ ಜರುಗುತ್ತಿರುತ್ತದೆ. ಪಕ್ಕದಲ್ಲಿ ಯಾರು ಸುಳಿದಾಡಿದರೂ ಸ್ವರ ಕದಲುತ್ತದೆ. ಬರುವ ದೀಪಾವಳಿಗೆ ಇದನ್ನು ತೋಟದ ಮನೆಗೆ ಒಯ್ಯುವ ಯೋಚನೆಯಿದೆ. ಅಲ್ಲಿನ ಬೆಕ್ಕುಗಳನ್ನು ಎಲ್ಲಿ ಕೂಡಿಹಾಕುವುದೆಂದು ಅಮ್ಮನವರು ಈಗಿನಿಂದಲೇ ವಿಚಾರಿಸುತ್ತಿದ್ದಾರೆ.