ಬಣ್ಣದ ಸಿಪ್ಪೆಗೆ ಬಟ್ಟೆ ಚೀಲ

ಪ್ರಶ್ನೆ: ಸಿಪ್ಪೆಯಿಂದ ನೂಲಿಗೆ ಬಣ್ಣ ತೆಗೆಯಲೆಂದು ಹಿತ್ತಲಲ್ಲಿ ದಾಳಿಂಬೆ ಬೆಳೆಸಿದ್ದೇವೆ. ಕಾಯಿಗಳಲ್ಲೆಲ್ಲ ತೂತು. ವಿಷ ಹೊಡೆಯದೆ ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ತೂತು ಕೊರೆಯುವುದು ಒಂದು ಚಿಟ್ಟೆಯ ಮರಿಹುಳು. ಚಿಟ್ಟೆ ಎಳೆಗಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಹುಳು ಒಳಹೊಕ್ಕು ಬೀಜ ತಿನ್ನುತ್ತದೆ. ತಾನು ಕೊರೆದ ತೂತಿಗೆ ತನ್ನ ಹಿಂಭಾಗವನ್ನೇ ಬಿರಡೆಯಂತೆ ಒತ್ತಿಕೊಂಡು ಕೂರುವ ಜಾಣ ಅದು! ಆಮೇಲೆ ಕಾಯಿ ಕೊಳೆತು ನಾರುತ್ತದೆ, ಸಿಪ್ಪೆಯೂ ಕೆಡುತ್ತದೆ. ಬಣ್ಣ ಕೊಡುವ ಒಗರು ಟ್ಯಾನಿನ್ ಈ ಹುಳುವನ್ನು ತಡೆಯದು.

ಒಳಗೆ ಸೇರಿದ ಮೇಲೆ ಯಾವ ಸಿಂಪಡಣೆಯೂ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ನನ್ನ ಮತ ಚೀಲಕ್ಕೆ. ಕಾಯಿ ನಿಂಬೆ ಗಾತ್ರಕ್ಕೆ ಬರುವ ಮೊದಲೇ ತೆಳು ಬಟ್ಟೆ ಅಥವಾ ಬೆಣ್ಣೆಕಾಗದದ ಚೀಲ ಕಟ್ಟಿ. ಹಿತ್ತಲ ನಾಲ್ಕಾರು ಗಿಡಕ್ಕೆ ಇದೇನೂ ಭಾರದ ಕೆಲಸವಲ್ಲ. ಹೂ ಬಿಡುವಾಗಿನಿಂದ ಬೇವಿನ ಬೀಜದ ಕಷಾಯವನ್ನೂ ಸಿಂಪಡಿಸಬಹುದು: ಲೀಟರ್ ನೀರಿಗೆ 50 ಗ್ರಾಂ ಪುಡಿ, ರಾತ್ರಿಯಿಡೀ ನೆನೆಸಿ ಸೋಸಿ. ದೀಪದ ಬಲೆಗೆ ದುಡ್ಡು ಹಾಕಬೇಡಿ, ಈ ಚಿಟ್ಟೆ ಹಗಲಲ್ಲಿ ಹಾರುವಂಥದ್ದು.

ತೂತು ಬಿದ್ದ ಕಾಯಿಗಳನ್ನು ಗಿಡದಲ್ಲಿ, ನೆಲದಲ್ಲಿ ಬಿಡದೆ ಆರಿಸಿ ಸುಟ್ಟುಬಿಡಿ. ಪಕ್ಕದಲ್ಲಿ ಸೀಬೆ, ಹುಣಸೆ ಇದ್ದರೆ ಅವುಗಳ ಮೇಲೂ ಕಣ್ಣಿರಲಿ. ಈ ಹುಳು ಅಲ್ಲೂ ಬೆಳೆಯುತ್ತದೆ.