ನಾಲ್ಕು ವರ್ಷ ತುಕ್ಕು ಹಿಡಿದ ಎಂಜಿನ್‌ಗಳು

ದೂರದ ದೇಶವೊಂದರಲ್ಲಿ ಸೇನೆ ಪ್ರಜಾಪ್ರಭುತ್ವದ ಕತ್ತು ಹಿಸುಕಿದಾಗ ಬೇರೊಂದು ದೇಶದ ಕಾರ್ಖಾನೆ ಕೆಲಸಗಾರ ಏನು ಮಾಡಬಲ್ಲ? ಠರಾವು ಮಾಡಬಹುದು, ಮೆರವಣಿಗೆ ಹೊರಡಬಹುದು. ಸ್ಕಾಟ್ಲೆಂಡಿನ ಕೆಲವು ಕಾರ್ಮಿಕರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ಮುಂದಿದ್ದ ಕೆಲಸವನ್ನೇ ಮುಟ್ಟಲು ಒಪ್ಪಲಿಲ್ಲ.

1973ರ ಸೆಪ್ಟೆಂಬರ್ 11ರಂದು ಚಿಲಿಯ ರಾಜಧಾನಿ ಸ್ಯಾಂಟಿಯಾಗೋದಲ್ಲಿ ಆ ದೇಶದ್ದೇ ವಾಯುಪಡೆಯ ವಿಮಾನಗಳು ಅಧ್ಯಕ್ಷರ ಅರಮನೆಯ ಮೇಲೆ ದಾಳಿ ನಡೆಸಿದವು. ಚುನಾವಣೆಯ ಮೂಲಕ 1970ರಲ್ಲಿ ಅಧಿಕಾರಕ್ಕೆ ಬಂದಿದ್ದ ಅಧ್ಯಕ್ಷ ಸಾಲ್ವಡಾರ್ ಅಲೆಂಡೆ ಅಂದೇ ಸಾವಿಗೀಡಾದರು. ಜನರಲ್ ಪಿನೊಚೆ ನೇತೃತ್ವದ ಸೇನಾಡಳಿತ ಸಂಸತ್ತನ್ನು ಮುಚ್ಚಿತು. ಕಾರ್ಮಿಕರ ಕೇಂದ್ರ ಸಂಘಟನೆಯನ್ನು ನಿಷೇಧಿಸಿತು. ಮುಂದಿನ 17 ವರ್ಷಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಇಲ್ಲವೇ ಕಣ್ಮರೆಯಾದರು.

ದಾಳಿ ನಡೆಸಿದವು ಬ್ರಿಟನ್ ನಿರ್ಮಿತ ಹಾಕರ್ ಹಂಟರ್ ವಿಮಾನಗಳು. 1971ರ ಯುದ್ಧದಲ್ಲಿ ಲೋಂಗೆವಾಲಾದ ಮರಳುಗಾಡಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಹಿಮ್ಮೆಟ್ಟಿಸಿದ ಭಾರತೀಯ ವಿಮಾನಗಳೂ ಇದೇ ಜಾತಿಯವು. ಅದಕ್ಕೆ ಅಳವಡಿಸಿದ್ದು ರೋಲ್ಸ್‌ರಾಯ್ಸ್ ಕಂಪನಿಯ ಏವನ್ ಎಂಜಿನ್. ಜೆಟ್ ಎಂಜಿನ್ ಒಮ್ಮೆ ಕೊಂಡರೆ ಮುಗಿಯುವ ಸರಕಲ್ಲ. ನಿಗದಿತ ಗಂಟೆಗಳ ಹಾರಾಟವಾದ ಮೇಲೆ ಅದನ್ನು ಪೂರ್ತಿ ಬಿಚ್ಚಿ, ಪರೀಕ್ಷಿಸಿ, ಮತ್ತೆ ಜೋಡಿಸಬೇಕು. ಚಿಲಿಯ ಎಂಜಿನ್‌ಗಳು ಇದಕ್ಕಾಗಿ ಗ್ಲಾಸ್ಗೋ ಸಮೀಪದ ಈಸ್ಟ್ ಕಿಲ್‌ಬ್ರೈಡ್ ಕಾರ್ಖಾನೆಗೆ ಬರುತ್ತಿದ್ದವು.

1974ರ ಮಾರ್ಚ್‌ನಲ್ಲಿ ಅಲ್ಲಿನ ತಪಾಸಣೆಗಾರ ಬಾಬ್ ಫುಲ್ಟನ್ ತಮ್ಮ ಮುಂದಿದ್ದ ಎಂಜಿನ್ ಚಿಲಿಯದೆಂದು ಗುರುತಿಸಿದರು. ಅದನ್ನು ಮುಟ್ಟುವುದಿಲ್ಲವೆಂದರು. ಜೊತೆಗಾರರು ಅವರ ಬೆನ್ನಿಗೆ ನಿಂತರು, ಕಾರ್ಮಿಕ ಸಂಘವೂ ನಿಂತಿತು.

ಇದು ಮುಷ್ಕರವಲ್ಲ ಎಂಬುದನ್ನು ಗಮನಿಸಬೇಕು. ಮುಷ್ಕರದಲ್ಲಿ ಎಲ್ಲ ಕೆಲಸ ನಿಲ್ಲುತ್ತದೆ, ಸಂಬಳವೂ ನಿಲ್ಲುತ್ತದೆ. ಇಲ್ಲಿ ಉಳಿದ ಕೆಲಸವೆಲ್ಲ ಎಂದಿನಂತೆ ಸಾಗಿತು; ಚಿಲಿಯ ಎಂಜಿನ್‌ಗಳಿಗೆ ಮಾತ್ರ ಬಹಿಷ್ಕಾರ. ನಾಲ್ಕಾರು ಜನರನ್ನು ಶಿಕ್ಷಿಸಲು ಹೋದರೆ ಇಡೀ ಕಾರ್ಖಾನೆಯೇ ನಿಂತೀತೆಂಬ ಅಳುಕು ಆಡಳಿತಕ್ಕೆ. ಕೆಲಸಗಾರರ ಬಲ ಇದ್ದದ್ದು ಈ ಅಳುಕಿನಲ್ಲಿ.

ಪೆಟ್ಟಿಗೆ ಸೇರಿದ ಎಂಜಿನ್‌ಗಳು ಕಾರ್ಖಾನೆಯ ಅಂಗಳದಲ್ಲಿ ಸ್ಕಾಟ್ಲೆಂಡಿನ ಮಳೆಗೆ ನೆನೆಯುತ್ತ ತುಕ್ಕು ಹಿಡಿದವು. ಹಾಗೆ ನಾಲ್ಕು ವರ್ಷ ಕಳೆಯಿತು. ಎಂಜಿನ್‌ಗಳು ಕಾನೂನಿನ ಪ್ರಕಾರ ಚಿಲಿಯ ಸ್ವತ್ತು. 1978ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಲಾರಿಗಳು ಬಂದು ಅವನ್ನು ಸಾಗಿಸಿದವು. ಮಾಡಿದ್ದೆಲ್ಲ ವ್ಯರ್ಥವಾಯಿತೆಂದೇ ಹಲವು ಕೆಲಸಗಾರರು ಭಾವಿಸಿದರು.

ವ್ಯರ್ಥವೇ? ಈ ಬಹಿಷ್ಕಾರದಿಂದ ಪಿನೊಚೆ ಕೆಳಗಿಳಿಯಲಿಲ್ಲ. ಅದನ್ನು ಮಾಡಿದವರು ಚಿಲಿಯ ಜನರೇ: 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಶೇಕಡಾ 56ರಷ್ಟು ಮತದಾರರು ಅವನಿಗೆ 'ಬೇಡ' ಎಂದರು, 1990ರಲ್ಲಿ ಅವನು ಅಧ್ಯಕ್ಷ ಪದವಿ ಬಿಟ್ಟ. ಆದರೆ ಸೆರೆಯಲ್ಲಿದ್ದವರಿಗೆ, ದೇಶಭ್ರಷ್ಟರಾದವರಿಗೆ ಈಸ್ಟ್ ಕಿಲ್‌ಬ್ರೈಡ್‌ನ ಸುದ್ದಿ ಬೇರೆಯದೇ ಅರ್ಥ ಕೊಟ್ಟಿತ್ತು. ಜಗತ್ತು ತಮ್ಮನ್ನು ಮರೆತಿಲ್ಲವೆಂಬ ಪುರಾವೆ ಅದು.

ದೇಶಭ್ರಷ್ಟ ಚಿಲಿಯನ್ನರೊಬ್ಬರ ಮಗ ಫೆಲಿಪೆ ಬುಸ್ತೋಸ್ ಸಿಯೆರ್ರಾ ಈ ಕಥೆಯನ್ನು ಹುಡುಕಿ 2018ರಲ್ಲಿ 'ನೇ ಪಸರಾನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೂ ಮುನ್ನ, 2015ರಲ್ಲಿ, ಫುಲ್ಟನ್, ರಾಬರ್ಟ್ ಸೋಮರ್‌ವಿಲ್ ಮತ್ತು ಜಾನ್ ಕೀನನ್ ಅವರಿಗೆ ಚಿಲಿ ಸರ್ಕಾರ ತನ್ನ ಉನ್ನತ ಗೌರವವೊಂದನ್ನು ನೀಡಿತ್ತು. ಆಗ ಅವರೆಲ್ಲ ವೃದ್ಧರು.

1980ರ ದಶಕದಿಂದೀಚೆಗೆ ಬ್ರಿಟನ್ನಿನಲ್ಲಿ ಬಂದ ಕಾನೂನುಗಳು ಇಂಥ ಬಹಿಷ್ಕಾರಕ್ಕಿದ್ದ ರಕ್ಷಣೆಯನ್ನು ಬಹುಮಟ್ಟಿಗೆ ಕಿತ್ತುಕೊಂಡಿವೆ. ಪರದೇಶದ ಅನ್ಯಾಯಕ್ಕಾಗಿ ಕೈಯಲ್ಲಿನ ಕೆಲಸ ಕೆಳಗಿಡುವವರು ಈಗ ಸಂಬಳದ ಜೊತೆಗೆ ನ್ಯಾಯಾಲಯವನ್ನೂ ಲೆಕ್ಕ ಹಾಕಬೇಕು. ವಿಮಾನ ಹಾರಿಸಲು ಪೈಲಟ್ ಒಬ್ಬನೇ ಸಾಲದು, ಅದರ ಎಂಜಿನ್ ಬಿಚ್ಚಿ ಜೋಡಿಸುವ ಕೈಗಳೂ ಬೇಕು ಎಂಬುದಂತೂ ಬದಲಾಗಿಲ್ಲ.